ಅಪ್ಪನ ನಲವತ್ತು

ಮೂಡುಬಿದಿರೆ
12 ನವೆಂಬರ್ 2024

ಮಾನ್ಯ ಝಕರಿಯಾಕ,

ನಮಸ್ಕಾರ. ನಾನು ಸಾಧನಾ, ಮೂಡುಬಿದಿರೆಯ ಧರ್ಮಪಾಲರ ಮಗಳು. ಬಿ.ಸಿ.ರೋಡಿನಲ್ಲಿ ನಿಮ್ಮ ಗ್ಯಾರೇಜ್ ಇದ್ದ ಕಾಲದಲ್ಲಿ ನಮ್ಮ ಬಿಳಿ ಅಂಬಾಸಿಡರ್ ನಿಮ್ಮಲ್ಲಿಗೇ ಬರುತ್ತಿತ್ತು. ಹಿಂದಿನ ಸೀಟಿನಲ್ಲಿ ಕೂತು ಗೋಳಿಬಜೆ ತಿಂದು ಕೈಯನ್ನು ಸೀಟಿಗೇ ಒರೆಸುತ್ತಿದ್ದ, ನಿಮ್ಮನ್ನು ಅಣ್ಣ ಎನ್ನುವ ಹಾಗೆ ಝಕರಿಯಾಕ ಎಂದು ಕರೆಯುತ್ತಿದ್ದ ಹುಡುಗಿ ನಾನು. ಈಗ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ನಿಮಗೆ ಕಿವಿ ಕೇಳಿಸುವುದಿಲ್ಲ, ಫೋನು ಮುಟ್ಟುವುದಿಲ್ಲ, ಕಾಗದ ಬರೆದರೆ ಮಾತ್ರ ಉತ್ತರ ಕೊಡುತ್ತೀರಿ ಎಂದು ಬಂಟ್ವಾಳದಲ್ಲಿ ಮೂರು ಜನ ಹೇಳಿದರು. ಆದ್ದರಿಂದ ಇಪ್ಪತ್ತು ವರ್ಷಗಳ ನಂತರ ಕಾಗದ ಬರೆಯಲು ಕೂತಿದ್ದೇನೆ.

ವಿಷಯ ಇಷ್ಟು. 98ರ ಅಪಘಾತದ ನಂತರ ಕಾರಿನ ಮುಂಭಾಗ ರಿಪೇರಿಯಾಯಿತು, ಆದರೆ ಅಪ್ಪ ಮತ್ತೆ ಅದನ್ನು ಓಡಿಸಲಿಲ್ಲ. ರಸ್ತೆ ಬದಿಯ ಶೆಡ್ಡಿನಲ್ಲೇ ಇದೆ. ದಿನಾ ಬೆಳಿಗ್ಗೆ ಅಪ್ಪ ಸ್ಟಿಯರಿಂಗಿನ ಹಿಂದೆ ಕೂತು ಪೇಪರು ಓದುತ್ತಾರೆ. ಈಗ ರಸ್ತೆ ಅಗಲ ಮಾಡುವವರು ಶೆಡ್ಡಿನ ಒಳಗೇ ಗುರುತಿನ ಕಲ್ಲು ನೆಟ್ಟು ಹೋಗಿದ್ದಾರೆ. ಫೆಬ್ರವರಿ ಕೊನೆಯೊಳಗೆ ಜಾಗ ಖಾಲಿ ಆಗಬೇಕು. ಅಮ್ಮ ಒಂದೇ ಮಾತಿನಲ್ಲಿ ಮುಗಿಸಿದರು: "ಓಡುವುದಾದರೆ ಓಡ್ಲಿ. ಇಲ್ಲದಿದ್ರೆ ಗುಜರಿಗೆ ಹೋಗ್ಲಿ. ನನಗೆ ಅದರ ಮುಖ ನೋಡ್ಲಿಕ್ಕೆ ಬೇಡ."

ಕಾರು ಗುಜರಿಗೆ ಹೋದರೆ ಅಪ್ಪ ಎಲ್ಲಿ ಕೂತು ಪೇಪರು ಓದುತ್ತಾರೆ ಎಂದು ನನಗೆ ಗೊತ್ತಿಲ್ಲ. ಅದಕ್ಕೇ ಈ ಒದ್ದಾಟ.

ಇಲ್ಲಿ ಮನ್ವಿತ್ ಎಂಬವರ ಗ್ಯಾರೇಜ್ ಇದೆ. ಎಂಜಿನ್, ಬ್ರೇಕು ಎರಡನ್ನೂ ಅವರು ಎಬ್ಬಿಸಿ ನಿಲ್ಲಿಸಿದ್ದಾರೆ. ತೊಂದರೆ ಹಿಂದಿನ ಡಿಫರೆನ್ಶಿಯಲ್‌ನದ್ದು. ಚಕ್ರ ತಿರುಗಿಸಿದರೆ ಒಳಗೆ ಕಲ್ಲು ಅಗಿದ ಸದ್ದು. ಸಾಮಾನು ತರಿಸೋಣವೆಂದರೆ ಒಬ್ಬೊಬ್ಬ ಅಂಗಡಿಯವನು ಒಂದೊಂದು ಹೇಳುತ್ತಾನೆ. ಒಬ್ಬ ಇಸವಿ ಕೇಳಿದ, ಇನ್ನೊಬ್ಬ ನಂಬರು ಕೇಳಿದ, ಮತ್ತೊಬ್ಬ "ಇದಕ್ಕೆ ಮೂರು ಜಾತಿ ಬರ್ತದೆ ಮೇಡಂ, ನಿಮ್ಮದು ಯಾವುದು?" ಎಂದ. ಬಿಚ್ಚಿ ನೋಡೋಣ ಎಂದರೆ ಅಪ್ಪ ಒಪ್ಪುವುದಿಲ್ಲ. "ಝಕರಿಯಾ ಕೈ ಹಾಕಿದ್ದಕ್ಕೆ ಬೇರೆಯವರು ಕೈ ಹಾಕುವುದು ಬೇಡ. ಅವನನ್ನು ಕೇಳು" ಎನ್ನುತ್ತಾರೆ.

ಕೇಳುತ್ತಿದ್ದೇನೆ. ನಮ್ಮದು ಯಾವ ಜಾತಿ? ಯಾವ ಸಾಮಾನು ಹೊಂದುತ್ತದೆ? ಈ ಕವರನ್ನು ಬೆಳ್ತಂಗಡಿ ಬಸ್ಸಿನ ಕಂಡಕ್ಟರ್ ಕಮಲಾಕ್ಷನ ಕೈಯಲ್ಲಿ ಕೊಡುತ್ತಿದ್ದೇನೆ. ಅಲ್ಲಿಂದ ಕೊಕ್ಕಡದ ಬಸ್ಸಿಗೆ ದಾಟಿಸುತ್ತಾನಂತೆ.

ಇತಿ,
ಸಾಧನಾ


ಕೊಕ್ಕಡ
20 ನವೆಂಬರ್ 2024

ಸಾಧನಾ ಟೀಚರಿಗೆ ಸಲಾಂ.

ನಿಮ್ಮ ಕವರ್ ಬೆಳ್ತಂಗಡಿ ಬಸ್‌ಸ್ಟ್ಯಾಂಡಿನ ಚಹಾದ ಅಂಗಡಿಯಲ್ಲಿ ನಾಲ್ಕು ದಿನ ಕೂತು ನಿನ್ನೆ ಬಂತು. ಅಕ್ಷರ ದುಂಡಗೆ ಉಂಟು. ಕಿವಿ ಹೋದದ್ದು ದಮ್ಮಾಮಿನಲ್ಲಿ ಹನ್ನೊಂದು ವರ್ಷ ತಗಡು ಬಡಿದು. ಕಣ್ಣು, ಕೈ ಎರಡೂ ಸರಿ ಉಂಟು.

ಡಿಫರೆನ್ಶಿಯಲ್ ಎಂದರೆ ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ಓಡುವುದಕ್ಕೂ ಒಳಗಿನದು ಕಡಿಮೆ ಓಡುವುದಕ್ಕೂ ಬಿಡುವ ಪೆಟ್ಟಿಗೆ. ಅದರೊಳಗೆ ಎರಡು ಮುಖ್ಯ ಗಿಯರ್: ದೊಡ್ಡದು ಕ್ರೌನ್, ಸಣ್ಣದು ಪಿನಿಯನ್. ಎರಡನ್ನೂ ಕಂಪೆನಿಯಲ್ಲಿ ಒಟ್ಟಿಗೇ ಉಜ್ಜಿ ಹೊಂದಿಸಿರುತ್ತಾರೆ. ಒಂದು ಜೋಡಿಯದ್ದನ್ನು ಇನ್ನೊಂದು ಜೋಡಿಗೆ ಹಾಕಿದರೆ ಜನ್ಮವಿಡೀ ಕೂಗುತ್ತದೆ. ಹಲ್ಲಿನ ಲೆಕ್ಕ ಅದರ ಮೇಲೆಯೇ ಇರುತ್ತದೆ. 8/39 ಎಂದರೆ ಸಣ್ಣದಕ್ಕೆ ಎಂಟು ಹಲ್ಲು, ದೊಡ್ಡದಕ್ಕೆ ಮೂವತ್ತೊಂಬತ್ತು. ಹಾಗೆಯೇ 9/41, 10/43 ನನ್ನ ಕೈಯಲ್ಲಿ ಹೋಗಿವೆ.

ಬಿಚ್ಚದೆ ತಿಳಿಯುವುದು ಹೀಗೆ. ಕಾರಿನ ಹಿಂದೆ ಕೂತು ನೋಡಿ. ನಡುವಿನ ಹೊಟ್ಟೆ ನುಣ್ಣಗೆ ಮಡಕೆಯ ಹಾಗೆ ಉಂಟೋ, ಬೋಲ್ಟು ಹಾಕಿದ ಮುಚ್ಚಳ ಉಂಟೋ? ನುಣ್ಣಗಿದ್ದರೆ ಇಡೀ ಯಂತ್ರ ಮುಂದಿನಿಂದ ಹೊರಗೆ ಬರುವ ಜಾತಿ. ಮುಚ್ಚಳವಿದ್ದರೆ ಹಿಂದಿನಿಂದ ಬಿಚ್ಚುವ ಜಾತಿ, ಒಂದರ ಸಾಮಾನು ಇನ್ನೊಂದಕ್ಕೆ ಬರುವುದಿಲ್ಲ. ಆಮೇಲೆ ಗಿಯರನ್ನು ನ್ಯೂಟ್ರಲ್‌ನಲ್ಲಿಟ್ಟು ಚಕ್ರ ಎತ್ತಿ, ಚಕ್ರಕ್ಕೂ ನಡುವಿನ ಉದ್ದ ಶಾಫ್ಟಿಗೂ ಸೀಮೆಸುಣ್ಣದಿಂದ ಗುರುತು ಹಾಕಿ, ಚಕ್ರ ತಿರುಗಿಸಿ ಶಾಫ್ಟ್ ಎಷ್ಟು ಸುತ್ತುತ್ತದೆ ಎಣಿಸಿ.

ಒಂದು ಮಾತು ಕೇಳುತ್ತೇನೆ. ಆ ದಿನ ಕಾರು ಸೇತುವೆಗೆ ಹೇಗೆ ಬಡಿಯಿತು? ಹಿಂದಿನ ಚಕ್ರ ಹಿಡಿದುಕೊಂಡಿತ್ತಾ? ರಸ್ತೆಯಲ್ಲಿ ಟಯರು ಉಜ್ಜಿದ ಗುರುತು ಇತ್ತಾ? ಇದನ್ನು ಮರೆಯದೆ ಬರೆಯಿರಿ.

ಝಕರಿಯಾ


ಮೂಡುಬಿದಿರೆ
27 ನವೆಂಬರ್ 2024

ಪ್ರಿಯ ಝಕರಿಯಾಕ,

ಹೊಟ್ಟೆ ನುಣ್ಣಗಿದೆ. ಮುಚ್ಚಳ ಇಲ್ಲ. ಇಷ್ಟು ನೋಡಲು ನೆಲದ ಮೇಲೆ ಅಂಗಾತ ಮಲಗಿ ಸೀರೆಗೆ ಹಳೆಯ ಗ್ರೀಸು ಮೆತ್ತಿಸಿಕೊಂಡೆ. ಆಮೇಲೆ ಬಲಗಡೆಯ ಚಕ್ರ ಎತ್ತಿ, ಗುರುತು ಹಾಕಿ ತಿರುಗಿಸಿದೆ. ಒಂದು ಸುತ್ತಿಗೆ ಶಾಫ್ಟು ಎರಡಕ್ಕೆ ಸ್ವಲ್ಪ ಕಡಿಮೆ ಸುತ್ತಿತು. ನೀವು ಬರೆದ 8/39ಕ್ಕೆ ಭಾಗಿಸಿದರೆ 4.875 ಬರಬೇಕು. ಎರಡೆಲ್ಲಿ, ಐದೆಲ್ಲಿ! ಅಪ್ಪ ಕಾರಿನೊಳಗೆ ಕೂತು ಪೇಪರು ಮಡಚದೆಯೇ, "ಸಾಧನಾ, ಝಕರಿಯಾ ಹೇಳಿದ ಹಾಗೆಯೇ ಮಾಡಿದೆಯಾ?" ಎಂದು ಮೂರು ಸಲ ಕೇಳಿದರು. ಒಂಬತ್ತನೇ ತರಗತಿಯ ಮಕ್ಕಳು ನನ್ನನ್ನು ಹೀಗೆ ಪರೀಕ್ಷೆ ಮಾಡಿದ್ದರೆ ಹೊರಗೆ ನಿಲ್ಲಿಸುತ್ತಿದ್ದೆ.

ಅಪಘಾತದ ಬಗ್ಗೆ ಯಾಕೆ ಕೇಳುತ್ತೀರೋ ಗೊತ್ತಿಲ್ಲ. ಡಿಫರೆನ್ಶಿಯಲ್‌ಗೂ ಅದಕ್ಕೂ ಏನು ಸಂಬಂಧ? ನನಗೆ ಬೇಕಾದದ್ದು ಒಂದೇ ಸಾಲಿನ ಉತ್ತರ. ಯಾವ ಸಾಮಾನು ತರಲಿ?

ಸಾಧನಾ


ಕೊಕ್ಕಡ
4 ಡಿಸೆಂಬರ್ 2024

ಟೀಚರಿಗೆ,

ಒಂದೇ ಚಕ್ರ ಎತ್ತಿದರೆ ಎರಡು ಸುತ್ತು ತಿರುಗಿಸಬೇಕು. ಇನ್ನೊಂದು ಚಕ್ರ ನೆಲದಲ್ಲಿ ಗಟ್ಟಿ ನಿಂತಿರುವಾಗ ನೀವು ತಿರುಗಿಸಿದ್ದರಲ್ಲಿ ಅರ್ಧ ಮಾತ್ರ ಒಳಗೆ ಹೋಗುತ್ತದೆ. ಇದನ್ನು ಬರೆಯಲು ನಾನೇ ಮರೆತೆ. ಆದರೂ ನಿಮ್ಮ ಲೆಕ್ಕ ನಾಲ್ಕರ ಒಳಗೆ ಬರುತ್ತದೆ. ಅದು ಆಗಲಿಕ್ಕಿಲ್ಲ. ಗುರುತು ಜಾರಿರಬಹುದು. ಇನ್ನೊಮ್ಮೆ ಎಣಿಸಿ.

ಎಣಿಸಿದರೂ ಎಣಿಸದಿದ್ದರೂ ನಿಮ್ಮ ಕಾರಿಗೆ ಹುಟ್ಟಿನಿಂದ ಇದ್ದದ್ದು 8/39. ಅದನ್ನೇ ಹುಡುಕಿ ತನ್ನಿ. ಹಳೆಯದನ್ನು ತೆಗೆದು ನನಗೆ ಬಸ್ಸಿನಲ್ಲಿ ಕಳುಹಿಸಿಬಿಡಿ, ಅಲ್ಲಿ ಯಾರಿಗೂ ತೋರಿಸುವುದು ಬೇಡ. ಮನ್ವಿತ್‌ಗೂ ಅದರ ತಲೆಬಿಸಿ ಬೇಡ.

ಟಯರು ಉಜ್ಜಿದ ಗುರುತಿನ ವಿಷಯ ಬರೆಯಲಿಲ್ಲ ನೀವು.

ಝಕರಿಯಾ


ಮೂಡುಬಿದಿರೆ
14 ಡಿಸೆಂಬರ್ 2024

ಪ್ರಿಯ ಝಕರಿಯಾಕ,

ನನ್ನ ಲೆಕ್ಕವನ್ನು ತಪ್ಪು ಎಂದು ಹೇಳುವಾಗ ಸ್ವಲ್ಪ ಯೋಚಿಸಿ ಹೇಳಬೇಕಿತ್ತು. ಈ ಸಲ ಮೂವತ್ತು ಸುತ್ತು ತಿರುಗಿಸಿದೆ. ಶಾಫ್ಟು ಐವತ್ತೆಂಟೂವರೆ ಸುತ್ತಿತು. ಒಂದೇ ಚಕ್ರದ ಲೆಕ್ಕವೆಂದು ಎರಡು ಪಟ್ಟು ಮಾಡಿದರೆ 3.9. ಎಡಗಡೆಯ ಚಕ್ರ ಎತ್ತಿ ಮತ್ತೆ ಮೂವತ್ತು ತಿರುಗಿಸಿದೆ, ಅದೇ 3.9. ಭುಜ ನೋಯುತ್ತಿದೆ. ಗುರುತು ಜಾರಲಿಲ್ಲ. ನೀವು ಜಾರುತ್ತಿದ್ದೀರಿ.

ಆದರೂ ನಿಮ್ಮ ಮಾತು ಕೇಳಿ ಮಂಗಳೂರಿನ ಗುಜರಿಗಳನ್ನೆಲ್ಲ ಸುತ್ತಿ 8/39ರ ಜೋಡಿ ತಂದಿಟ್ಟಿದ್ದೇನೆ. ಹೊಂದುತ್ತದೋ ಇಲ್ಲವೋ ದೇವರಿಗೇ ಗೊತ್ತು. ಹಳೆಯದನ್ನು ಗುಟ್ಟಾಗಿ ನಿಮಗೆ ಯಾಕೆ ಕಳುಹಿಸಬೇಕು? ಅದರೊಳಗೆ ಬಂಗಾರವಿದೆಯೇ?

ನಿಮ್ಮ ಮಾತಿಗೆ ನಮ್ಮ ಮನೆಯಲ್ಲಿ ಒಂದು ಹೆಸರುಂಟು: ನಲವತ್ತು. ಅರ್ಥ ಹೇಳುತ್ತೇನೆ, ಹೇಗೂ ನೀವು ಅಪಘಾತದ ಕಥೆ ಕೇಳುತ್ತಲೇ ಇದ್ದೀರಿ. ಫೆಬ್ರವರಿ 98. ಬೆಳ್ತಂಗಡಿಯಲ್ಲಿ ಮದುವೆ ಮುಗಿಸಿ ಬರುವಾಗ ವೇಣೂರಿನ ಈಚೆ ತಿರುವಿನ ಸಣ್ಣ ಸೇತುವೆ. ಕಾರು ತಿರುವಿನಲ್ಲಿ ಹೊರಕ್ಕೆ ಹೋಗಿ ಕಟ್ಟೆಗೆ ಬಡಿಯಿತು. ಚಕ್ರ ಹಿಡಿದಿರಲಿಲ್ಲ, ಟಯರು ಉಜ್ಜಿದ ಗುರುತೂ ಇರಲಿಲ್ಲ, ಸಮಾಧಾನವಾಯಿತೇ? ಎದುರು ಸೀಟಿನಲ್ಲಿದ್ದ ಅಮ್ಮನ ಎಡ ಮೊಣಕಾಲು ಪುಡಿಯಾಯಿತು. ಅಪ್ಪ ಆವತ್ತೂ ಹೇಳಿದರು, ಇವತ್ತಿಗೂ ಹೇಳುತ್ತಾರೆ, "ನಾನು ನಲವತ್ತರಲ್ಲೇ ಇದ್ದೆ. ಮೀಟರ್ ನೋಡಿದ್ದೇನೆ." ಹಿಂದೆ ಬರುತ್ತಿದ್ದ ಬಸ್ಸಿನ ಡ್ರೈವರ್ ಮಾತ್ರ, ಐವತ್ತಕ್ಕಿಂತ ಒಂದಿಷ್ಟೂ ಕಡಿಮೆ ಇರಲಿಲ್ಲ ಎಂದು ಎಲ್ಲರ ಎದುರು ಹೇಳಿದ. ಆ ತಿರುವಿನಲ್ಲಿ ನಲವತ್ತರಲ್ಲಿ ಹೋದ ಕಾರು ಹೊರಗೆ ಹೋಗುವುದಿಲ್ಲ ಎಂದು ಎಲ್ಲರಿಗೂ ಗೊತ್ತು.

ಅಮ್ಮ ಅಂದಿನಿಂದ ಯಾವ ಗಾಡಿಯಲ್ಲೂ ಎದುರು ಕೂರುವುದಿಲ್ಲ. ಬಸದಿಯಲ್ಲಿ ಎಲ್ಲರೂ ನೆಲದಲ್ಲಿ ಕೂತರೆ ಇವರೊಬ್ಬರು ಪ್ಲಾಸ್ಟಿಕ್ ಕುರ್ಚಿಯಲ್ಲಿ. ಆ ಕುರ್ಚಿ ನೋಡಿದರೆ ಅವರಿಗೆ ಮೈಯೆಲ್ಲ ಉರಿಯುತ್ತದೆ. ಒಮ್ಮೆ ನನ್ನ ಹತ್ತಿರ ಹೇಳಿದರು, "ಕಾಲು ಹೋದದ್ದಕ್ಕೆ ಅಲ್ಲ ಮಗಾ. ತಪ್ಪು ಯಾರಿಗೂ ಆಗ್ತದೆ. ನನ್ನ ಎದುರು ನಿಂತು ಸುಳ್ಳು ಹೇಳಿದರಲ್ಲ." ಅಂದಿನಿಂದ ನಮ್ಮ ಮನೆಯಲ್ಲಿ ಯಾರು ಸುಳ್ಳು ಹೇಳಿದರೂ ಅಮ್ಮ "ಹ್ಞಾಂ, ನಲವತ್ತು" ಎನ್ನುತ್ತಾರೆ. ಹಾಲಿನವನು ನೀರು ಹಾಕಿಲ್ಲ ಎಂದರೂ ನಲವತ್ತು. ಅಪ್ಪ ಅಲ್ಲೇ ಕೂತು ಕೇಳುತ್ತಿರುತ್ತಾರೆ.

ನೀವು ಹೇಳುವ "ಆಗಲಿಕ್ಕಿಲ್ಲ" ಕೂಡ ನಲವತ್ತೇ ಎಂದು ನನಗೆ ಅನಿಸುತ್ತಿದೆ. ಬೇಗ ಉತ್ತರ ಬರೆಯಿರಿ.

ಸಾಧನಾ


ಮೂಡುಬಿದಿರೆ
2 ಜನವರಿ 2025

ಝಕರಿಯಾಕ,

ಹತ್ತೊಂಬತ್ತು ದಿನ ಆಯಿತು. ಕಮಲಾಕ್ಷನನ್ನು ಕೇಳಿದರೆ ಕವರ್ ನಿಮ್ಮ ಕೈಗೇ ತಲುಪಿದೆ, ಕೊಕ್ಕಡ ಬಸ್ಸಿನವನು ಖುದ್ದು ಕೊಟ್ಟಿದ್ದಾನೆ ಎಂದ. ತಮಾಷೆಗೆ ಬರೆದ ಮಾತಿಗೆ ಮುನಿಸಿಕೊಂಡಿದ್ದರೆ ಕ್ಷಮಿಸಿ. ಇಷ್ಟಕ್ಕೇ ಮುಖ ತಿರುಗಿಸುವವರು ಎಂದು ತಿಳಿದಿರಲಿಲ್ಲ. ಅಪ್ಪ ದಿನಾ ಸಂಜೆ ಬಸ್ಸು ಬರುವ ಹೊತ್ತಿಗೆ ಗೇಟಿನ ಹತ್ತಿರ ನಿಲ್ಲುತ್ತಾರೆ.

ಸಾಧನಾ


ಮೂಡುಬಿದಿರೆ
16 ಜನವರಿ 2025

ಝಕರಿಯಾ ಅವರಿಗೆ,

ಇನ್ನು ಕಾಯಲು ಆಗಲಿಲ್ಲ. ಅಪ್ಪನನ್ನು ಹೇಗೋ ಒಪ್ಪಿಸಿ ನಿನ್ನೆ ಮನ್ವಿತ್ ಕೈಯಲ್ಲಿ ಬಿಚ್ಚಿಸಿದೆ. ನೀವು ತನ್ನಿ ಎಂದ 8/39 ಅದರಲ್ಲಿ ಕೂರುವುದೇ ಇಲ್ಲ. ಬೋಲ್ಟಿನ ತೂತುಗಳು ಒಂದಕ್ಕೊಂದು ಎದುರಾಗುವುದಿಲ್ಲ. ಒಳಗೆ ಇದ್ದ ಕ್ರೌನಿನ ಮೇಲೆ ಕೆತ್ತಿದ್ದು 11/43. ಭಾಗಿಸಿ ನೋಡಿ: 3.909. ನನ್ನ ಎಣಿಕೆ ಸರಿಯಾಗಿತ್ತು.

ಇನ್ನೂ ಒಂದು ಕಂಡಿತು. ಒಳಗೋಡೆಯಲ್ಲಿ ಪಂಚಿನಿಂದ ಹೊಡೆದ ಮೂರು ಚುಕ್ಕಿ, ಅದರ ಪಕ್ಕದಲ್ಲಿ 20-1-98. ಅಪ್ಪ ಬಗ್ಗಿ ನೋಡಿ ಸಂತೋಷದಿಂದ, "ಇದು ಝಕರಿಯಾನ ಗುರುತು. ತಾನು ಮುಟ್ಟಿದ ಎಲ್ಲದಕ್ಕೂ ಮೂರು ಚುಕ್ಕಿ ಹೊಡೀತಿದ್ದ" ಎಂದರು. ಅವರಿಗೆ ಸಂತೋಷ, ನನಗೆ ತಲೆ ಸಿಡಿಯುವಷ್ಟು ಸಿಟ್ಟು. ಅಂದರೆ ಇದನ್ನು ಹಾಕಿದವರೇ ನೀವು! ಒಳಗೆ ಏನಿದೆ ಎಂದು ನಿಮಗೆ ಮೊದಲ ದಿನದಿಂದಲೂ ಗೊತ್ತಿತ್ತು. ಆದರೂ ನನ್ನನ್ನು ನೆಲದಲ್ಲಿ ಮಲಗಿಸಿದಿರಿ, ಚಕ್ರ ತಿರುಗಿಸಿದಿರಿ, ಮಂಗಳೂರಿನ ಗುಜರಿ ಸುತ್ತಿಸಿದಿರಿ. ಎರಡು ತಿಂಗಳು ಹಾಳಾಯಿತು. ರಸ್ತೆಯವರು ಮೊನ್ನೆ ಬಂದು ಶೆಡ್ಡಿನ ಕಂಬಕ್ಕೆ ಕೆಂಪು ಬಣ್ಣ ಬಳಿದು ಹೋದರು.

ಹಳೆಯ ಮೆಕ್ಯಾನಿಕ್‌ಗಳು ವಿದ್ಯೆ ಬಿಟ್ಟುಕೊಡುವುದಿಲ್ಲ ಎಂದು ಕೇಳಿದ್ದೆ. ಇಷ್ಟರ ಮಟ್ಟಿಗೆ ಎಂದು ತಿಳಿದಿರಲಿಲ್ಲ. ಉತ್ತರ ಬರೆಯುವ ಮನಸ್ಸಿದ್ದರೆ ಬರೆಯಿರಿ.

ಸಾಧನಾ ಡಿ.


ಕೊಕ್ಕಡ
23 ಜನವರಿ 2025

ಸಾಧನಾ ಮಗಳೇ,

ಮುನಿಸು ಅಲ್ಲ. ವಿದ್ಯೆ ಮುಚ್ಚಿಡುವುದೂ ಅಲ್ಲ. ನಾಚಿಕೆ. ಡಿಸೆಂಬರಿನ ಕಾಗದ ಬಂದ ಮೇಲೆ ನಾಲ್ಕು ಸಲ ಬರೆಯಲು ಕೂತೆ, ನಾಲ್ಕು ಸಲ ಹರಿದೆ. ಈಗ ಎಲ್ಲ ಬರೆಯುತ್ತೇನೆ.

98ರ ಜನವರಿಯಲ್ಲಿ ನಿಮ್ಮ ತಂದೆ ಕಾರನ್ನು ಲಾರಿಯ ಹಿಂದೆ ಕಟ್ಟಿ ಎಳೆಸಿಕೊಂಡು ಬಂದರು. ಪಿನಿಯನ್ನಿನ ಎರಡು ಹಲ್ಲು ಮುರಿದಿತ್ತು. ನನಗೆ ದಮ್ಮಾಮಿನ ವೀಸಾ ಬಂದಿತ್ತು, ನಾಲ್ಕು ದಿನದಲ್ಲಿ ವಿಮಾನ. ನಿಮ್ಮಲ್ಲಿ ಮದುವೆ, ಕಾರು ಬೇಕೇ ಬೇಕು. 8/39 ಎಲ್ಲಿಯೂ ಸಿಗಲಿಲ್ಲ. ಮಂಗಳೂರಿನ ಬಂದರಿನ ಗುಜರಿಯಲ್ಲಿ ಎರಡು ಸೀಟಿನ ಇಂಗ್ಲಿಷ್ ಕಾರೊಂದು ಬಿದ್ದಿತ್ತು, ಯಾವುದೋ ಹಂಚಿನ ಕಾರ್ಖಾನೆಯ ದೊರೆಯದ್ದಂತೆ. ಅದರ ಹೊಟ್ಟೆಯೂ ಇದೇ ಜಾತಿ. ಒಳಗಿನ ಯಂತ್ರ ಇಡಿಯಾಗಿ ತೆಗೆದು, ನಿಮ್ಮ ಚಕ್ರಗಳ ಆಕ್ಸಲಿಗೆ ಹೊಂದುವ ಬದಿಯ ಗಿಯರು ಮಾತ್ರ ಬದಲಿಸಿ ಕೂರಿಸಿದೆ. ಅಳತೆಗೆ ಹೊಲಿಸಿದ ಅಂಗಿಯ ಹಾಗೆ ಕೂತಿತು. ಮೂರು ಚುಕ್ಕಿ ಹೊಡೆದೆ.

ನಿಮ್ಮ ತಂದೆ ಓಡಿಸಿ ನೋಡಿ ಬಂದು ಗ್ಯಾರೇಜಿನ ಎದುರು ಎಲ್ಲರಿಗೂ ಕೇಳುವ ಹಾಗೆ ಹೇಳಿದರು, "ಬೆಣ್ಣೆ ಹಾಗೆ ಓಡ್ತದೆ ಮಾರಾಯ! ಕಂಪೆನಿಯದ್ದೇ ಅಲ್ವಾ?" ನಾನು ತಲೆ ಆಡಿಸಿದೆ. ಝಕರಿಯಾ ಗುಜರಿಯದ್ದು ಹಾಕಿದ ಎಂದು ನಾಲ್ಕು ಜನರ ಎದುರು ಹೇಳಲು ಆಗಲಿಲ್ಲ. ಅಷ್ಟೇ. ಆ ಒಂದು ತಲೆ ಆಡಿಸಿದ್ದು.

ಈಗ ಕೇಳಿ. ಮೀಟರಿನ ಮುಳ್ಳು ಚಕ್ರವನ್ನು ನೋಡುವುದಿಲ್ಲ, ನಡುವಿನ ಶಾಫ್ಟನ್ನು ನೋಡುತ್ತದೆ. ಮೊದಲು ಚಕ್ರದ ಒಂದು ಸುತ್ತಿಗೆ ಶಾಫ್ಟು ಹೆಚ್ಚುಕಡಿಮೆ ಐದು ಸುತ್ತುತ್ತಿತ್ತು, ನಾನು ಹಾಕಿದ ಮೇಲೆ ನಾಲ್ಕೇ. ಕಾರು ಓಡುವಷ್ಟೇ ಓಡುತ್ತದೆ, ಮುಳ್ಳು ಮಾತ್ರ ಕಡಿಮೆ ತೋರಿಸುತ್ತದೆ. ಎಂಜಿನ್ನಿನ ಸದ್ದೂ ಕಡಿಮೆ. ಅದಕ್ಕೇ ಬೆಣ್ಣೆಯ ಹಾಗೆ ಅನಿಸಿದ್ದು. ಮೀಟರಿನ ಗಿಯರು ಬದಲಿಸಬೇಕು ಎಂದು ನನಗೆ ಗೊತ್ತಿತ್ತು. ಊರಿಗೆ ಬಂದ ಮೇಲೆ ಮಾಡಿದರಾಯಿತು, ಅಷ್ಟರವರೆಗೆ ಏನಾಗುತ್ತದೆ ಎಂದುಕೊಂಡೆ. ಒಂದು ಮಾತು ಹೇಳಿ ಹೋಗಬಹುದಿತ್ತು. ಹೇಳಲಿಲ್ಲ.

ದಮ್ಮಾಮಿನಲ್ಲಿ ಬಂಟ್ವಾಳದವನೊಬ್ಬ ನಿಮ್ಮ ಕಾರು ಸೇತುವೆಗೆ ಬಡಿದ ಸುದ್ದಿ ಹೇಳಿದ. ನಾನು ಕೂರಿಸಿದ ಯಂತ್ರ ಹಿಡಿದು ಚಕ್ರ ನಿಂತಿತೋ ಎಂಬ ಹೆದರಿಕೆ ಅಂದೇ ಹತ್ತಿತು. ಊರಿಗೆ ಬಂದು ಹದಿನಾರು ವರ್ಷವಾದರೂ ಮೂಡುಬಿದಿರೆಗೆ ಬರಲಿಲ್ಲ. ಅದಕ್ಕೇ ನಿಮ್ಮನ್ನು ಚಕ್ರ ಹಿಡಿದಿತ್ತಾ ಎಂದು ಕೇಳುತ್ತಿದ್ದೆ. 8/39 ತನ್ನಿ ಎಂದದ್ದೂ ಅದಕ್ಕೇ. ಹಳೆಯದು ಹೋಗಿ ಸರಿಯಾದದ್ದು ಬಂದರೆ ನನ್ನ ಕೆಲಸ ಯಾರಿಗೂ ಕಾಣುವುದಿಲ್ಲ ಎಂದುಕೊಂಡೆ. ತೂತು ಹೊಂದುವುದಿಲ್ಲ ಎಂಬುದೂ ಮರೆತುಹೋಗಿತ್ತು.

ಚಕ್ರ ಹಿಡಿದಿರಲಿಲ್ಲ ಎಂದು ನೀವು ಬರೆದಾಗ ಒಂದು ಉಸಿರು ಬಿಟ್ಟೆ. ಮುಂದಿನ ಸಾಲಿನಲ್ಲಿ ನಲವತ್ತು ಎಂದು ಬರೆದಿದ್ದಿರಿ. ಬಿಟ್ಟ ಉಸಿರು ಮತ್ತೆ ತೆಗೆಯಲು ಆಗಲಿಲ್ಲ.

ನೀವು ಗಣಿತದ ಟೀಚರ್. 4.875ನ್ನು 3.909ರಿಂದ ಭಾಗಿಸಿ, ನಲವತ್ತರಿಂದ ಗುಣಿಸಿ. ನಾನು ಹತ್ತು ಸಲ ಮಾಡಿದ್ದೇನೆ. ನಿಮ್ಮ ತಂದೆ ಸುಳ್ಳು ಹೇಳಲಿಲ್ಲ. ಮೀಟರು ಹೇಳಿತು. ಅದಕ್ಕೆ ಸುಳ್ಳು ಕಲಿಸಿದವನು ನಾನು.

ಝಕರಿಯಾ


ಮೂಡುಬಿದಿರೆ
28 ಜನವರಿ 2025

ಝಕರಿಯಾಕ,

49.88.

ಸ್ಟಾಫ್ ರೂಮಿನಲ್ಲಿ ಕೂತು ಮಾಡಿದೆ. ಆಮೇಲೆ ಎರಡು ಪೀರಿಯಡ್ ಪಾಠ ಮಾಡಲು ಆಗಲಿಲ್ಲ, ಮಕ್ಕಳಿಗೆ ಓದಿಕೊಳ್ಳಿ ಎಂದು ಹೇಳಿ ಕಿಟಕಿಯ ಹತ್ತಿರ ನಿಂತೆ.

ನಿಮ್ಮ ಮೇಲೆ ಎಷ್ಟು ಸಿಟ್ಟಿದೆ ಎಂದು ಬರೆಯಲು ಹೊರಟರೆ ಈ ಕಾಗದ ಸಾಲದು. ಒಂದು ಮಾತು! ಒಂದು ಚೀಟಿ ಬರೆದು ಸ್ಟಿಯರಿಂಗಿಗೆ ಅಂಟಿಸಿ ಹೋಗಿದ್ದರೂ ಸಾಕಿತ್ತು. ಆದರೆ ಸಿಟ್ಟು ನಿಮ್ಮೊಬ್ಬರ ಮೇಲೇ ಅಲ್ಲ. ಕಾಲೇಜಿನಲ್ಲಿದ್ದಾಗ ಅಪ್ಪ ಏನೋ ಹೇಳಿದ್ದಕ್ಕೆ ನಾನೂ ಅವರ ಮುಖಕ್ಕೇ "ನಲವತ್ತು" ಎಂದಿದ್ದೆ. ಅವರು ಚಪ್ಪಲಿ ಹಾಕಿಕೊಂಡು ಹೊರಗೆ ಹೋದರು. ಅದು ನಿನ್ನೆಯಿಂದ ಕಣ್ಣೆದುರಿನಿಂದ ಹೋಗುತ್ತಿಲ್ಲ.

ಇನ್ನೂ ಮನೆಯಲ್ಲಿ ಹೇಳಿಲ್ಲ. ಹೇಗೆ ಹೇಳಲಿ? ನಲವತ್ತು ಎಂದದ್ದು ನಿಜ ಎಂದರೆ ಐವತ್ತರಲ್ಲಿ ಹೋದದ್ದೂ ನಿಜ ಎಂದು ಹೇಳಿದ ಹಾಗೆ. ಆ ಬಸ್ಸಿನ ಡ್ರೈವರ್ ಸುಳ್ಳುಗಾರ ಎಂದು ನಂಬಿಕೊಂಡೇ ಅಪ್ಪ ಇಷ್ಟು ವರ್ಷ ಬದುಕಿದ್ದಾರೆ. ಅಮ್ಮನಿಗೆ ಭಾಗಾಕಾರ ತೋರಿಸಿದರೆ, "ಅಪ್ಪ ಮಗಳು ಸೇರಿ ಒಳ್ಳೆಯ ಲೆಕ್ಕ ಮಾಡಿದ್ದೀರಿ" ಎನ್ನುತ್ತಾರೆ, ಅಷ್ಟೇ.

ಅತ್ತ ಕಾರು ನಾಲ್ಕು ಕಲ್ಲಿನ ಮೇಲೆ ನಿಂತಿದೆ. ದಿನ ಹೋಗುತ್ತಿದೆ. ಏನು ಮಾಡಲಿ ಹೇಳಿ. ಈ ಸಲ ಸುತ್ತಿ ಬಳಸಿ ಹೇಳಬೇಡಿ.

ಸಾಧನಾ


ಕೊಕ್ಕಡ
3 ಫೆಬ್ರವರಿ 2025

ಮಗಳೇ,

8/39 ಬೇಡ, ಹಿಂದೆ ಕೊಡಿ. ಒಳಗಿರುವ 11/43 ಜೋಡಿ ಗಟ್ಟಿ ಉಂಟು, ಅದನ್ನೇ ಇಡಿ. ಇಪ್ಪತ್ತೇಳು ವರ್ಷ ನಿಂತಲ್ಲೇ ನಿಂತು ಬೇರಿಂಗ್ ತುಕ್ಕು ಹಿಡಿದಿದೆ, ಕಲ್ಲು ಅಗಿದ ಸದ್ದು ಅದರದ್ದು. ಯಾವ ಬೇರಿಂಗ್ ಎಂದು ನನ್ನ ಹಳೆಯ ಪುಸ್ತಕದಲ್ಲಿ ಬರೆದಿಟ್ಟಿದ್ದೆ. ನಿನ್ನೆ ಮಂಗಳೂರಿಗೆ ಹೋಗಿ ನಾನೇ ತಂದಿದ್ದೇನೆ. ಇದೇ ಬಸ್ಸಿನಲ್ಲಿ ಗೋಣಿಯಲ್ಲಿ ಸುತ್ತಿ ಬರುತ್ತದೆ. ಸಂದಿಯ ಅಳತೆ ಎಷ್ಟು ಬಿಡಬೇಕೆಂದು ಮನ್ವಿತ್‌ಗೆ ಬೇರೆ ಚೀಟಿ ಇಟ್ಟಿದ್ದೇನೆ. ಒಳಗೆ ನನ್ನ ಮೂರು ಚುಕ್ಕಿ ಅಳಿಸುವುದು ಬೇಡ ಎನ್ನಿ.

ಮನೆಯಲ್ಲಿ ಲೆಕ್ಕ ಹೇಳಬೇಡಿ. ತೋರಿಸಿ. ಈಗ ಮೊಬೈಲಿನಲ್ಲಿ ಗಾಡಿಯ ವೇಗ ಕಾಣುತ್ತದಂತೆ, ಅದಕ್ಕೆ ಯಾವ ಗಿಯರೂ ಬೇಡವಂತೆ. ಅದನ್ನು ತಾಯಿಯ ಕೈಯಲ್ಲಿ ಕೊಡಿ. ಆಮೇಲೆ ನನ್ನ ಕಾಗದ ಇಬ್ಬರಿಗೂ ಓದಿ ಹೇಳಿ. ನನ್ನ ಹೆಸರು ಬಿಡಬೇಡಿ.

ನಿಮ್ಮ ತಂದೆ ಬಂದು ನನ್ನನ್ನು ಬಾಯಿ ತುಂಬ ಬೈಯಬೇಕಿತ್ತು. ಬೈದರೂ ನನಗೆ ಕೇಳಿಸುವುದಿಲ್ಲ. ಅದೊಂದು ಬೇಸರ.

ಝಕರಿಯಾ


ಮೂಡುಬಿದಿರೆ
24 ಫೆಬ್ರವರಿ 2025

ಪ್ರಿಯ ಝಕರಿಯಾಕ,

ಬೇರಿಂಗ್ ಕೂತಿತು. ಸದ್ದು ನಿಂತಿತು. ಕಾರಿನ ಕಾಗದ ಪತ್ರ ಸರಿ ಮಾಡಿಸಲು ಹತ್ತು ದಿನ ಅಲೆದೆ, ಆ ಗೋಳು ಬೇಡ. ನಿನ್ನೆ ಭಾನುವಾರ ಬೆಳಿಗ್ಗೆ ಕಾರು ಹೊರಟಿತು.

ಅಪ್ಪ ಸ್ಟಿಯರಿಂಗಿನಲ್ಲಿ, ನಾನು ಪಕ್ಕದಲ್ಲಿ. ಹಿಂದೆ ಕೂರಲು ಅಮ್ಮನನ್ನು ಒಪ್ಪಿಸಲು ಒಂದು ಗಂಟೆ ಬೇಕಾಯಿತು. ಬಂದದ್ದೂ ಅಪ್ಪನಿಗಾಗಿ ಅಲ್ಲ, ನಾನು ಅತ್ತುಬಿಡುತ್ತೇನೆ ಎಂಬ ಹೆದರಿಕೆಗೆ. ಮೊಬೈಲನ್ನು ಅವರ ಕೈಯಲ್ಲಿಟ್ಟು, "ಇದರಲ್ಲಿ ನಂಬರು ಬರ್ತದೆ, ನಾನು ಕೇಳಿದಾಗ ಓದಿ ಹೇಳಿ ಅಮ್ಮ" ಎಂದೆ. ವೇಣೂರು ರಸ್ತೆಯಲ್ಲಿ ನೇರ ಜಾಗ ಬಂದಾಗ ಅಪ್ಪನಿಗೆ ನಲವತ್ತರಲ್ಲಿ ಹಿಡಿಯಲು ಹೇಳಿದೆ. ಮುಳ್ಳು ನಲವತ್ತರ ಮೇಲೆ ಅಲ್ಲಾಡದೆ ನಿಂತಿತು.

"ಈಗ ಎಷ್ಟು ಅಮ್ಮ?"

"ಐವತ್ತು" ಎಂದರು. ಆಮೇಲೆ ಮುಂದಕ್ಕೆ ಬಗ್ಗಿ ಅಪ್ಪನ ಭುಜದ ಮೇಲಿನಿಂದ ಮೀಟರು ನೋಡಿದರು. ಮೊಬೈಲು ನೋಡಿದರು. ಮತ್ತೆ ಮೀಟರು. "ಇದು ಹಾಳಾಗಿದೆಯಾ?"

"ಹಾಳಾಗಿಲ್ಲ, ಅಮ್ಮ. 98ರಿಂದ ಹೀಗೇ ಇದೆ" ಎಂದೆ.

ಅಪ್ಪ ಕಾರನ್ನು ಬದಿಗೆ ತೆಗೆದು ನಿಲ್ಲಿಸಿದರು. ನಿಮ್ಮ ಜನವರಿಯ ಕಾಗದವನ್ನು ಅಲ್ಲೇ ಓದಿದೆ, ಒಂದು ಸಾಲೂ ಬಿಡದೆ. ಅಪ್ಪ ಸಂತೋಷಪಡುತ್ತಾರೆ ಎಂದುಕೊಂಡಿದ್ದೆ. ಅವರು ಎರಡೂ ಕೈಗಳಿಂದ ಸ್ಟಿಯರಿಂಗ್ ಹಿಡಿದು, "ಹಾಗಾದ್ರೆ ನಾನು ಐವತ್ತರಲ್ಲಿದ್ದೆ. ಆ ಡ್ರೈವರ್ ನಿಜ ಹೇಳಿದ್ದು" ಎಂದರು. ಮತ್ತೆ ಅದನ್ನೇ ಹೇಳಿದರು. ನಾನು ಕಾಗದ ಮಡಚಿ ಕವರಿಗೆ ಹಾಕಿದೆ.

ಹಿಂದಿನ ಬಾಗಿಲು ತೆರೆದ ಸದ್ದಾಯಿತು. ಅಮ್ಮ ಇಳಿದು, ಕಾಲು ಎಳೆಯುತ್ತ ಕಾರಿನ ಮುಂದಿನಿಂದ ಸುತ್ತಿ ಬಂದು ನನ್ನ ಕಡೆಯ ಬಾಗಿಲು ತೆರೆದರು. "ನೀನು ಹಿಂದೆ ಹೋಗು. ಹಿಂದೆ ಕೂತ್ರೆ ಮೀಟರ್ ಸರಿ ಕಾಣುವುದಿಲ್ಲ" ಎಂದರು. ಮೊಣಕಾಲನ್ನು ಕೈಯಲ್ಲಿ ಎತ್ತಿ ಒಳಗಿಟ್ಟುಕೊಂಡು ಕೂತರು. ಬಾಗಿಲು ಹಾಕಿದ ಮೇಲೆ ಅಪ್ಪನ ಕಡೆ ನೋಡದೆಯೇ ಹೇಳಿದರು, "ನೀವು ಕಂಡದ್ದನ್ನೇ ಹೇಳಿದ್ದು. ನಾನು ನಂಬಲಿಲ್ಲ. ಇನ್ನು ಹೊರಡುವ."

ಆ ಸೇತುವೆ ದಾಟಿ ಗುರುವಾಯನಕೆರೆವರೆಗೆ ಹೋಗಿ ಬಂದೆವು. ದಾರಿಯಿಡೀ ಅಮ್ಮ ಮೊಬೈಲು ನೋಡಿ ನಂಬರು ಹೇಳುತ್ತಿದ್ದರು. ಮೀಟರಿನ ಗಿಯರು ಬದಲಿಸೋಣವೇ ಎಂದು ಮನ್ವಿತ್ ಕೇಳಿದರೆ ಅಮ್ಮನೇ ಬೇಡವೆಂದರು. "ಅದು ಅದರದ್ದು ತೋರಿಸ್ಲಿ. ಸರಿಯಾದ್ದು ನಾನು ಹೇಳ್ತೇನೆ."

ಅಪ್ಪನಿಗೆ ನಿಮ್ಮ ಮೇಲೆ ಸಿಟ್ಟು ಇಳಿದಿಲ್ಲ. ಇಳಿಯುತ್ತದೆ ಎಂದು ನಾನು ಹೇಳುವುದೂ ಇಲ್ಲ. ನಿನ್ನೆ ಸಂಜೆಯಿಂದ ಕೂತು ಬರೆಯುತ್ತಿದ್ದಾರೆ. ನಿಮಗೆ ಕಿವಿ ಕೇಳಿಸುವುದಿಲ್ಲವಲ್ಲ, ಬೈಯಬೇಕಾದದ್ದನ್ನೆಲ್ಲ ಬರೆದುಕೊಂಡೇ ಬರುತ್ತಾರಂತೆ. ನಾಲ್ಕು ಪುಟ ಆಗಿದೆ, ಇನ್ನೂ ಮುಗಿದಿಲ್ಲ. ಬಸ್ಸಿನಲ್ಲಿ ಕಳುಹಿಸುತ್ತೇನೆ ಎಂದರೆ ಕೊಡುವುದಿಲ್ಲ, ನೀವು ಓದುವಾಗ ಎದುರು ಕೂತು ನಿಮ್ಮ ಮುಖ ನೋಡಬೇಕಂತೆ. ಆ ಹಂಚಿನ ಕಾರ್ಖಾನೆಯ ಕಾರು ಯಾವ ಬಣ್ಣದ್ದಿತ್ತು ಎಂದು ಕೇಳಲೂ ಇದೆಯಂತೆ.

ಬರುವ ಭಾನುವಾರ ಒಂಬತ್ತು ಗಂಟೆಗೆ ಇಲ್ಲಿಂದ ಹೊರಡುತ್ತೇವೆ. ಕೊಕ್ಕಡಕ್ಕೆ ಅರವತ್ತು ಕಿಲೋಮೀಟರ್. ಅಪ್ಪನ ಮೀಟರಿನ ನಲವತ್ತರ ಪ್ರಕಾರ ಹತ್ತೂವರೆಗೆ ತಲುಪುತ್ತೇವೆ. ಅಮ್ಮನ ಐವತ್ತರ ಪ್ರಕಾರ ಹತ್ತು ಗಂಟೆ ಹನ್ನೆರಡು ನಿಮಿಷಕ್ಕೆ. ನೀವು ಹತ್ತಕ್ಕೇ ರಸ್ತೆಗೆ ಬಂದು ನಿಲ್ಲಿ.

ಇತಿ,
ಸಾಧನಾ